ಮಾವ ಸತ್ತ ಎಪಿಸೋಡು

ನನಗೊಂದು ಚಟವಿದೆ. ಟಿ.ವಿ.ಯಲ್ಲಿ ಯಾವುದಾದರೂ ಹೊಸ ಎಪಿಸೋಡು ಬಂದರೆ ಮೊದಲು ಅದನ್ನು ನೋಡುವುದಿಲ್ಲ. ನೋಡಿದವರು ಫೋನಿನಲ್ಲಿ ಏನೇನು ಬರೆದುಕೊಂಡಿದ್ದಾರೆ ಅನ್ನುವುದನ್ನು ಓದುತ್ತೇನೆ. ‘ಸೂಪರ್’ ಅಂದವರನ್ನು ನಂಬುವುದಿಲ್ಲ. ‘ನನ್ನ ಟೈಮ್ ಹಾಳಾಯಿತು’ ಎಂದು ಉದ್ದಕ್ಕೆ ಬರೆದವರನ್ನು ಮಾತ್ರ ಪೂರ್ತಿ ಓದುತ್ತೇನೆ. ಹಾಳಾದ ಟೈಮಿನ ಬಗ್ಗೆ ಬರೆಯಲಿಕ್ಕೆ ಇವರಿಗೆ ಮತ್ತೆ ಟೈಮ್ ಎಲ್ಲಿಂದ ಬಂತು ಎಂದು ಯೋಚಿಸುತ್ತ, ನನ್ನ ಟೈಮನ್ನೂ ಹಾಳು ಮಾಡಿಕೊಳ್ಳುತ್ತೇನೆ. ನಗಬೇಡಿ. ಹೊಸಪೇಟೆಯಲ್ಲಿ ಮಿರ್ಚಿ ಕೊಳ್ಳುವಾಗಲೂ ನನ್ನದು ಇದೇ ಪದ್ಧತಿ. ಬಂಡಿಯ ಸುತ್ತ ನಿಂತು ತಿನ್ನುತ್ತಿರುವವರ ಮೂಗು ನೋಡುತ್ತೇನೆ. ಮೂಗು ಸೋರುತ್ತಿದ್ದರೆ ಮಿರ್ಚಿ ಚೆನ್ನಾಗಿದೆ ಎಂದರ್ಥ.

ಈ ಚಟ ಬಂದದ್ದು ಕಂಪ್ಲಿಯಿಂದ ಇರಬೇಕು. ನಮ್ಮಪ್ಪ ಅಲ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದರು. ಓಣಿಗೆಲ್ಲ ಒಂದೇ ಟಿ.ವಿ., ಅದೂ ಗಿರಣಿ ಸಾಹುಕಾರರ ಪಡಸಾಲೆಯಲ್ಲಿ. ಸಂಜೆ ನಾವೆಲ್ಲ ಹೊಟ್ಟಿನ ಧೂಳು ಕೆಮ್ಮುತ್ತ ಹೋಗಿ ಕೂರುತ್ತಿದ್ದೆವು. ಆಗ ಅಭಿಪ್ರಾಯವನ್ನು ಬರೆಯುವ ಪದ್ಧತಿ ಇರಲಿಲ್ಲ, ಟಿ.ವಿ.ಗೇ ನೇರವಾಗಿ ಹೇಳುತ್ತಿದ್ದರು. ಅದರಲ್ಲಿ ಎಲ್ಲರಿಗಿಂತ ಜೋರು ದನಿ ನಮ್ಮ ದೊಡ್ಡ ಮಾವ ಗಾದಿಲಿಂಗಪ್ಪನದು. ಅಮ್ಮನಿಗೆ ಇಬ್ಬರು ತಮ್ಮಂದಿರು, ಈತ ಹಿರಿಯ. ಅದಿರಿನ ಲಾರಿ ಓಡಿಸುತ್ತಿದ್ದ. ಟಿ.ವಿ.ಯಲ್ಲಿ ಹೀರೋ ಗಾಡಿ ಏರಿಸಿ ಕಳ್ಳರ ಬೆನ್ನು ಹತ್ತಿದರೆ ಮಾವನ ಎರಡೂ ಕಾಲು ಚಾಪೆಯ ಮೇಲೆ ಕ್ಲಚ್ಚು ಬ್ರೇಕು ಒತ್ತಲು ಶುರು ಮಾಡುತ್ತಿದ್ದವು. ‘ಲೇ, ಸೆಕೆಂಡ್ ಗೇರ್ ಹಾಕಲೇ! ಮುಂದ ಇಳಿಜಾರೈತಿ!’ ಎಂದು ಕೂಗುತ್ತಿದ್ದ. ಹೀರೋ ಕೇಳುತ್ತಿರಲಿಲ್ಲ. ಗಾಡಿ ಹಳ್ಳಕ್ಕೆ ಬೀಳುತ್ತಿತ್ತು. ಮಾವ ನಮ್ಮ ಕಡೆ ತಿರುಗಿ ‘ಹೇಳಿದ್ನ್ಯಾ ಇಲ್ಲೋ?’ ಅನ್ನುತ್ತಿದ್ದ. ನನ್ನ ಪಾಲಿಗೆ ಜಗತ್ತಿನ ಮೊದಲ ವಿಮರ್ಶಕ ಆತನೇ.

ಅಂಥವನು ಎಪ್ಪತ್ತು ದಾಟಿದ ಮೇಲೆ ತಾನೇ ಟಿ.ವಿ.ಯೊಳಗೆ ಹೋಗಿಬಿಟ್ಟ. ಹೇಳಬೇಕಾದ ಕಥೆ ಅದು.

ಹೋದ ಚಳಿಗಾಲ ಹಂಪಿಯ ಕಡೆ ಬಂಡೆ, ಗದ್ದೆಗಳ ನಡುವೆ ಒಂದು ಆ್ಯಕ್ಷನ್ ಥ್ರಿಲ್ಲರ್ ಸರಣಿಯ ಶೂಟಿಂಗ್ ನಡೆದಿತ್ತು. ಮಾವ ಕಣ್ಣು ತೋರಿಸಲು ಹೊಸಪೇಟೆಗೆ, ನಮ್ಮ ಮನೆಗೆ ಬಂದಿದ್ದ. ಕಣ್ಣು ತೋರಿಸುವುದನ್ನು ಬಿಟ್ಟು ಶೂಟಿಂಗ್ ನೋಡಲು ಹೋದ. ಅಲ್ಲಿ ಯಾರೋ ಪ್ಯಾಂಟಿನ ಜೇಬಿಗೆ ವಾಕಿಟಾಕಿ ಸಿಕ್ಕಿಸಿಕೊಂಡ ಹುಡುಗಿ ಈತನನ್ನು ದಿಟ್ಟಿಸಿ, ‘ಅಜ್ಜಾ, ನಿಮ್ಮ ಮೀಸೆ ನಮಗೆ ಬೇಕಿತ್ತು’ ಅಂದಳಂತೆ. ಮಾವ, ‘ಮೀಸಿ ಒಂದಾ ಹೆಂಗ ಬರತೈತವ್ವ, ನಾನೂ ಬರ್ತೀನಿ’ ಅಂದನಂತೆ.

ಸಂಜೆ ಮನೆಗೆ ಬಂದಾಗ ಆತನ ನಡಿಗೆಯೇ ಬೇರೆಯಾಗಿತ್ತು. ‘ಮೇನ್ ರೋಲ್ ಲೇ ಸುಮಿ’ ಅಂದ. ‘ಹೀರೋ ಓಡಿ ಓಡಿ ಬರ್ತಾನ. ಬಾಯಿ ಒಣಗಿರತೈತಿ. ನೀರು ಕೊಡಾವ ನಾನು. ನಾ ನೀರು ಕೊಡ್ಲಿಲ್ಲಂದ್ರ ಅವ ಸಾಯ್ತಾನ. ಅವ ಸತ್ರ ಕತಿ ಎಲ್ಲೈತಿ?’

ನೀರು ಕೊಟ್ಟ ಮೇಲೆ ಏನಾಗುತ್ತದೆ ಎಂಬುದನ್ನು ಮಾತ್ರ ಮಾವ ನನಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ.

ಎಪಿಸೋಡು ಬಂದದ್ದು ಬೇಸಿಗೆಯಲ್ಲಿ. ನಮ್ಮ ಮನೆಯ ಟಿ.ವಿ. ದೊಡ್ಡದೆಂದು ಮಾವ, ಗೌರಮ್ಮ ಅತ್ತೆ ಇಬ್ಬರೂ ಶನಿವಾರ ಮಧ್ಯಾಹ್ನ ಕಂಪ್ಲಿಯಿಂದ ಬಂದಿಳಿದರು. ಅತ್ತೆ ಮದುವೆಗೆ ಹೊರಟವರಂತೆ ಇಳಕಲ್ ಸೀರೆ ಉಟ್ಟಿದ್ದರು. ಡಬ್ಬಿ ತುಂಬ ಒಗ್ಗರಣೆ ಮಂಡಕ್ಕಿ ತಂದಿದ್ದರು. ಸರಣಿಗೆ ಏನೋ ಇಂಗ್ಲಿಷ್ ಹೆಸರಿತ್ತು, ಅತ್ತೆ ಅದನ್ನು ‘ಢಂಢಂ’ ಎಂದು ಕರೆದು ಮುಗಿಸಿದ್ದರು. ಶುರುವಾಗುವ ಮೊದಲು ಟಿ.ವಿ.ಗೆ ಎರಡು ಊದಿನಕಡ್ಡಿ ಬೆಳಗಿದರು. ನನ್ನ ಯಜಮಾನರು ಎಂದಿನಂತೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಧಾರಾವಾಹಿ ನೋಡುವವರು ಕೆಲಸಕ್ಕೆ ಬಾರದವರು ಎಂಬುದು ಅವರ ಗಟ್ಟಿ ನಂಬಿಕೆ. ಆದರೆ ನಿಂತು ನೋಡಿದರೆ ಅದು ನೋಡಿದ ಲೆಕ್ಕವಲ್ಲ.

ಹೀರೋ ಹಂಪಿಯ ಬಂಡೆಗಳ ಮೇಲೆ ಓಡಿದ. ಒಂದು ತಿರುವು ತಿರುಗಿದ, ಸಂಡೂರಿನ ಕಾಡು ಬಂತು. ಇನ್ನೊಂದು ತಿರುವು ತಿರುಗಿದ, ಕಂಪ್ಲಿ ದಾರಿಯ ಕಬ್ಬಿನ ಗದ್ದೆ.

‘ಆ ದಾರಿ ಯಾವುದು ಕೇಳ್ರಪ್ಪ ಅವನ್ನ’ ಅಂದರು ಬಾಗಿಲಲ್ಲಿದ್ದ ಯಜಮಾನರು. ಅವರು ದಿನವೂ ಸಂಡೂರಿನ ಗಣಿ ಕಚೇರಿಗೆ ಹೋಗಿ ಬರುವವರು. ‘ನಾನು ದಿನಾ ಲಾರಿ ಹಿಂದ ನಿಂತು ನಿಂತು ಸಾಯಾಕತ್ತೀನಿ.’

‘ಸುಮ್ನ ನೋಡ್ರಿ, ಈಗ ಬರ್ತೀನಿ ನಾನು’ ಅಂದ ಮಾವ.

ಬಂದ. ಕಬ್ಬಿನ ಗದ್ದೆಯ ಬದುವಿನಲ್ಲಿ, ಕೈಯಲ್ಲಿ ತಂಬಿಗೆ ಹಿಡಿದು, ಮೀಸೆಯ ಸಮೇತ. ನಾನು ಕಿರುಚಿದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಾಚಿದರು. ಹೀರೋ ನೀರು ಕುಡಿದ. ಕುಡಿದು ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಢಂ ಎಂದಿತು. ಗುಂಡು ಹೀರೋಗೆ ಬೀಳಲಿಲ್ಲ, ಅವನಿಗೆ ಇನ್ನೂ ಆರು ಎಪಿಸೋಡು ಕೆಲಸವಿತ್ತು. ಮಾವನ ಎದೆಗೆ ಬಿತ್ತು.

ಮಾವ ಎದೆ ಹಿಡಿದುಕೊಂಡ. ನಂತರ ಇನ್ನೊಂದು ಕೈಯಿಂದ ಧೋತರದ ಅಂಚು ಸರಿ ಮಾಡಿಕೊಂಡ. ಹಿಂದೆ ಬದುವು ಎಲ್ಲಿದೆ ಎಂದು ಒಮ್ಮೆ ತಿರುಗಿ ನೋಡಿದ. ಮೊದಲು ಕೂತ, ಆಮೇಲೆ ಮಲಗಿದ, ಆಮೇಲೆ ಸತ್ತ. ಅಷ್ಟರಲ್ಲಿ ಎಲ್ಲಿಂದಲೋ ಒಬ್ಬ ಹೆಂಗಸು ಓಡಿ ಬಂದು ಆತನ ಎದೆಯ ಮೇಲೆ ಬಿದ್ದು ಅತ್ತಳು. ಬದುವಿನ ಕಲ್ಲಿಗೆ ಕೈ ಬಡಿದು ಬಳೆ ಒಡೆದುಕೊಂಡಳು.

ನಮ್ಮ ಹಾಲ್‌ನಲ್ಲಿ ಮಂಡಕ್ಕಿ ಅಗಿಯುವ ಸದ್ದು ನಿಂತಿತು.

‘ಯಾರಾಕಿ?’ ಅಂದರು ಅತ್ತೆ.

‘ಯಾರು?’

‘ನಿಮ್ಮ ಎದಿ ಮ್ಯಾಲ ಬಿದ್ದಾಳಲ್ಲ, ಅಕಿ.’

‘ಅಕಿ... ಹೆಂಡ್ತಿ. ಅಂದ್ರ, ಅದರಾಗ ಹೆಂಡ್ತಿ.’

‘ವಯಸ್ಸೆಷ್ಟು ಅಕಿಗೆ?’

‘ನಾ ಕೇಳ್ಲಿಲ್ಲ.’

‘ಕೇಳಲಾರ್ದನ ಮದಿವಿ ಆಗಿಬಿಟ್ರಿ.’

ಯಜಮಾನರು ಬಾಗಿಲಿನಿಂದ ಮಾಯವಾದರು. ಮಾವ ರಿಮೋಟನ್ನು ತಿರುಗಿಸಿ ತಿರುಗಿಸಿ ನೋಡತೊಡಗಿದ. ಅತ್ತೆ ಬಿಡಲಿಲ್ಲ. ‘ಅಳೂದು ನೋಡ್ಯವ್ವ ಸುಮಿ. ಕಣ್ಣಾಗಿನ ಕಾಡಿಗಿ ಸುದ್ದ ಅಳಿಸಿಲ್ಲ. ಅಳಾಕ ಮಂದಿ ಬೇಕಿದ್ರ ನನ್ನ ಕರೀಬೇಕಿತ್ತಿಲ್ಲೋ? ನಾ ಅತ್ರ ಹೊಳಿ ಆಚಿ ದಂಡಿಗೆ ಕೇಳತಿತ್ತು.’

ನಾನು ನಗಲು ಬಾಯಿ ತೆರೆದೆ. ಆಗ ಅತ್ತೆಯ ದನಿ ಇದ್ದಕ್ಕಿದ್ದಂತೆ ಇಳಿಯಿತು. ‘ಸಾಯೂದೈತಿ ಅಂತ ಒಂದು ಮಾತು ಹೇಳಬಾರ್ದೇನ್ರಿ? ಹೊಸಾ ಸೀರಿ ಉಟ್ಕೊಂಡು, ಮಂಡಕ್ಕಿ ತಿನಕೊಂತ ಕುಂತು ನೋಡಿದ್ನಲ್ರಿ ನಾನು’ ಅಂದು ಎದ್ದು ಒಳಗೆ ಹೋದರು. ಹೋಗುವಾಗ ಕೈಯ ಹಸಿರು ಬಳೆಗಳನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದುಕೊಂಡಿದ್ದರು.

ಆಮೇಲೆ ಅವರು ಮಾವನ ಜೊತೆ ಮಾತು ಬಿಟ್ಟರು. ಸಂಜೆ ಚಹಾ ಬಂತು. ಮಾವನ ಲೋಟಕ್ಕೆ ಸಕ್ಕರೆ ಇರಲಿಲ್ಲ. ‘ಸಕ್ರಿ?’ ಎಂದ ಮಾವ. ಅತ್ತೆ ನನ್ನ ಕಡೆ ನೋಡಿ, ‘ಸತ್ತವರಿಗೆ ಸಕ್ರಿ ಯಾಕ ಅಂತ ಕೇಳು ನಿಮ್ಮ ಮಾವಗ’ ಅಂದರು. ನಾಳೆ ಬೆಳಿಗ್ಗೆ ಹಂಪಿಗೆ ಹೋಗಿ ಹೊಳೆಯಲ್ಲಿ ಮುಳುಗಿಸಿ, ವಿರೂಪಾಕ್ಷನಿಗೆ ಕಾಯಿ ಒಡೆಸದ ಹೊರತು ಈ ಮನುಷ್ಯನನ್ನು ಕಂಪ್ಲಿಗೆ ಕರೆದುಕೊಂಡು ಹೋಗುವುದಿಲ್ಲ ಎಂಬ ಆದೇಶವೂ ನನ್ನ ಮೂಲಕವೇ ಹೊರಟಿತು.

ಮಾವನ ಮುಖ ಸಪ್ಪಗಾಗಿತ್ತು. ಸ್ವಲ್ಪ ಉಬ್ಬಿಸೋಣವೆಂದು ಫೋನು ತೆಗೆದು ಜನರ ಅಭಿಪ್ರಾಯ ಓದತೊಡಗಿದೆ. ನನ್ನ ಚಟ ಒಂದು ದಿನವಾದರೂ ಉಪಯೋಗಕ್ಕೆ ಬರಲಿ. ‘ಮೀಸೆ ತಾತನನ್ನು ಯಾಕೆ ಕೊಂದಿರಿ? ಇಡೀ ಎಪಿಸೋಡಿನಲ್ಲಿ ಅವರೊಬ್ಬರೇ ಮನುಷ್ಯರ ಹಾಗೆ ಇದ್ದರು’ ಎಂದು ಒಬ್ಬರು ಬರೆದಿದ್ದರು. ಮಾವ ಇನ್ನೊಮ್ಮೆ ಓದಿಸಿದ. ಅಡುಗೆಮನೆಗೆ ಕೇಳುವಂತೆ ಮತ್ತೊಮ್ಮೆ ಓದಿಸಿದ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಜಾಣೆ. ಕೆಳಗೆ, ಬೆಕ್ಕಿನ ಚಿತ್ರ ಹಾಕಿಕೊಂಡಿದ್ದ ಒಬ್ಬ ಆಸಾಮಿ ಬರೆದಿದ್ದ: ‘ತಾತ ಸತ್ತ ಮೇಲೆ ಕಣ್ಣು ಮಿಟುಕಿಸಿದ್ದಾರೆ. ಸರಿಯಾಗಿ ನೋಡಿ. ಹೆಣಕ್ಕೂ ಆ್ಯಕ್ಟಿಂಗ್ ಕಲಿಸಿ ಸ್ವಾಮಿ.’

‘ಬರೀ ಅವಗ’ ಅಂದ ಮಾವ. ‘ಮಟಮಟ ಮಧ್ಯಾಹ್ನ ಇತ್ತು ಅಂತ ಬರಿ. ಸೂರ್ಯ ಕಣ್ಣಾಗ ಹೊಕ್ಕಿದ್ದ, ಬೆನ್ನಾಗ ಕಬ್ಬಿನ ಕೂಳಿ ಚುಚ್ಚತಿತ್ತು, ಮೀಸಿ ಮ್ಯಾಲ ನೊಣ ಕುಂತಿತ್ತು, ಅಕಿ ಎದಿ ಮ್ಯಾಲ ಬಿದ್ದಿದ್ಲು, ಇಷ್ಟೆಲ್ಲ ಇಟ್ಕೊಂಡು ನೀ ಸತ್ತು ತೋರ್ಸು ಅಂತ ಬರಿ.’

ಅತ್ತೆ ಒಳಗಿದ್ದರು. ‘ಅಕಿ ಎದಿ ಮ್ಯಾಲ’ ಎಂಬುದನ್ನು ಬಿಟ್ಟು, ನಾನು ಚುಟುಕಾಗಿ ‘ಬಿಸಿಲಿತ್ತು’ ಎಂದಷ್ಟೇ ಬರೆದೆ. ಬೆಕ್ಕು ತಕ್ಷಣ ಉತ್ತರ ಕೊಟ್ಟಿತು: ‘ಸತ್ತವರಿಗೆ ಬಿಸಿಲು ತಾಗುತ್ತಾ?’

ಮಾವ ಅವತ್ತು ರೊಟ್ಟಿ ಒಂದೇ ತಿಂದ.

ಭಾನುವಾರ ಬೆಳಿಗ್ಗೆ ಇಬ್ಬರೂ ಆಟೋದಲ್ಲಿ ಹಂಪಿಗೆ ಹೋದರು, ಒಬ್ಬರು ಈ ತುದಿ, ಇನ್ನೊಬ್ಬರು ಆ ತುದಿ. ಅವರು ಹೋದ ಸ್ವಲ್ಪ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ಸಂಡೂರು ಕಡೆಯ ಬಂಡ್ರಿಯಿಂದ ನಮ್ಮ ಸಣ್ಣ ಮಾವ, ಪಂಪಣ್ಣ. ‘ಹಲೋ’ ಇಲ್ಲ, ‘ಹೆಂಗದೀಯವ್ವ’ ಇಲ್ಲ.

‘ಅಣ್ಣ ಎಲ್ಲಿ ಅದಾನ?’

ಆ ಬಾಯಲ್ಲಿ ‘ಅಣ್ಣ’ ಎಂಬ ಮಾತು ಕೇಳಿ ವರ್ಷಗಳಾಗಿದ್ದವು. ಇಬ್ಬರಿಗೂ ಮಾತಿರಲಿಲ್ಲ. ಹೊಲ ಮನೆಯ ಜಗಳವಾಗಿದ್ದರೆ ಹೇಳಿಕೊಳ್ಳಲಿಕ್ಕಾದರೂ ಮರ್ಯಾದೆ ಇರುತ್ತಿತ್ತು. ಇವರದು ಊಟದ ಜಗಳ. ಸಣ್ಣ ಮಾವನ ಮಗಳ ಮದುವೆ ಬಂಡ್ರಿಯಲ್ಲಿ. ದೊಡ್ಡ ಮಾವನ ಲಾರಿ ಸಂಡೂರಿನ ಹತ್ತಿರ ಅದಿರು ಲಾರಿಗಳ ಸಾಲಿನಲ್ಲಿ ಸಿಕ್ಕಿಬಿದ್ದು, ಆತ ತಲುಪುವಷ್ಟರಲ್ಲಿ ಅಕ್ಷತೆ ಬಿದ್ದು, ಪಂಕ್ತಿಯೂ ಎದ್ದಿತ್ತು. ಮೈತುಂಬ ಕೆಂಧೂಳು ಮೆತ್ತಿಕೊಂಡು ಚಪ್ಪರದಲ್ಲಿ ನಿಂತ ಅಣ್ಣನನ್ನು ನೋಡಿ ತಮ್ಮ, ‘ಊಟ ಮಾಡಿ ಹೋಗು’ ಅಂದುಬಿಟ್ಟ. ನಮ್ಮ ಕಡೆ ದಾರಿಯಲ್ಲಿ ಹೋಗುವವರಿಗೂ ಅನ್ನುವ ಮಾತು ಅದು. ತಪ್ಪಾದದ್ದು ಅಲ್ಲೇ. ದಾರಿಯಲ್ಲಿ ಹೋಗುವವರಿಗೆ ಅನ್ನುವ ಮಾತನ್ನು, ಹೆಣ್ಣಿನ ದೊಡ್ಡಪ್ಪನಾಗಿ ಮುಂದೆ ನಿಲ್ಲಬೇಕಾದವನಿಗೆ ಅಂದದ್ದು. ದೊಡ್ಡ ಮಾವ ನೀರೂ ಮುಟ್ಟದೆ ತಿರುಗಿ ಹೋದ. ನಮ್ಮಮ್ಮ ಇರುವ ತನಕ ಇಬ್ಬರನ್ನೂ ಬೈದು ನೋಡಿದಳು. ಅವಳು ಹೋದ ಮೇಲೆ ಬೈಯುವವರೂ ಇರಲಿಲ್ಲ.

‘ಇಲ್ಲೇ ಅದಾನ ಮಾವ, ಹಂಪಿಗೆ ಹೋಗ್ಯಾನ. ಆರಾಮ ಅದಾನ’ ಅಂದೆ.

ಫೋನು ಕಟ್ಟಾಯಿತು.

ಬಿಸಿಲೇರುವ ಹೊತ್ತಿಗೆ ಸಣ್ಣ ಮಾವ ನಮ್ಮ ಕಟ್ಟೆಯ ಮೇಲೆ ಕೂತಿದ್ದ. ಬಸ್ಸಿನಲ್ಲಿ ನಿಂತೇ ಬಂದನಂತೆ. ‘ಒಳಗ ಬಾ ಮಾವ’ ಅಂದರೆ, ‘ಇರ್ಲಿ, ಮಧ್ಯಾಹ್ನದ ಸಂಡೂರು ಬಸ್ಸಿಗೆ ಹೊಕ್ಕೀನಿ’ ಅಂದ. ಚಪ್ಪಲಿಯನ್ನೂ ಬಿಡಲಿಲ್ಲ. ಆಟೋ ಬಂತು. ದೊಡ್ಡ ಮಾವ ಇಳಿದ. ಒದ್ದೆ ಕೂದಲು, ಹಣೆ, ತೋಳು, ಎದೆಗೆಲ್ಲ ಅಡ್ಡ ವಿಭೂತಿ, ಕೊರಳಲ್ಲಿ ದೇವಸ್ಥಾನದಲ್ಲಿ ಕೊಟ್ಟ ಹೂವಿನ ಹಾರ. ನಿಜ ಹೇಳಬೇಕೆಂದರೆ ಎಪಿಸೋಡಿಗಿಂತ ಇಲ್ಲೇ ಹೆಚ್ಚು ಹೆಣದ ಹಾಗೆ ಕಾಣುತ್ತಿದ್ದ.

ಅಣ್ಣ ತಮ್ಮ ಇಬ್ಬರೂ ನಿಂತುಕೊಂಡರು. ಸಣ್ಣ ಮಾವ ಅಣ್ಣನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಎದೆಯ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನೋಡಿದ. ಎಲ್ಲರೂ ಒಳಗೆ ಬಂದೆವು. ಅತ್ತೆ ತಂದ ನೀರನ್ನು ಸಣ್ಣ ಮಾವ ಗಟಗಟ ಕುಡಿದ. ಕುಡಿದು ತಂಬಿಗೆ ಇಟ್ಟು, ಅಷ್ಟು ವರ್ಷಗಳ ಮೇಲೆ ಅಣ್ಣನಿಗೆ ಹೇಳಿದ ಮೊದಲ ಮಾತು ಇದು:

‘ಎದಿಗೆ ಗುಂಡು ಬಿದ್ದಾವ ಧೋತರ ಸರಿ ಮಾಡ್ಕೊಂತಾನೇನು?’

ದೊಡ್ಡ ಮಾವ ತಲೆ ಎತ್ತಿದ. ‘ಮತ್ತ? ಮಂದಿ ಮುಂದ ಮಾನ ಬಿಟ್ಟು ಬೀಳ್ಲೇನು?’

‘ಹಿಂದ ತಿರುಗಿ ಬ್ಯಾರೆ ನೋಡ್ತೀ. ಹಾಸಿಗಿ ಹಾಸ್ಯಾರೋ ಇಲ್ಲೋ ಅಂತ.’

‘ಕಲ್ಲಿದ್ವು ಅಲ್ಲಿ! ನೀ ಬಿದ್ದು ನೋಡು.’

‘ನಾನಾಗಿದ್ರ ಒಮ್ಮಿಗೇ ಬೀಳ್ತಿದ್ದೆ. ಮರ ಬಿದ್ದಂಗ.’

‘ಹಿಂಗೇನು?’ ಅಂದವನೇ ದೊಡ್ಡ ಮಾವ ಹಾಲ್‌ನ ನಡುವೆ ನಿಂತು ಎದೆ ಹಿಡಿದುಕೊಂಡ. ‘ಬ್ಯಾಡ್ರಿ!’ ಎಂದು ಅತ್ತೆ ಕೂಗಿದರು. ಮಾತು ಬಿಟ್ಟ ಮೇಲೆ ಗಂಡನಿಗೆ ನೇರವಾಗಿ ಅಂದ ಮೊದಲ ಮಾತು ಅದು, ಆದರೆ ಕೇಳುವ ಸ್ಥಿತಿಯಲ್ಲಿ ಆತ ಇರಲಿಲ್ಲ. ಮರ ಬಿದ್ದ ಹಾಗೆ ಬಿದ್ದ. ನೆಲ ನಡುಗಿತು, ಷೋಕೇಸಿನ ಗಾಜಿನ ಆನೆ ಉರುಳಿತು. ಮಾವ ಕಣ್ಣು ಮುಚ್ಚಿ ಮಲಗೇ ಇದ್ದ. ಈ ಸಲ ರೆಪ್ಪೆ ಮಿಟುಕಲಿಲ್ಲ.

‘ಅಣ್ಣ?’ ಅಂದ ಸಣ್ಣ ಮಾವ.

ಅತ್ತೆಯ ಕೈ ತಾನಾಗಿಯೇ ಕೊರಳಿನ ತಾಳಿಯ ಮೇಲೆ ಹೋಯಿತು. ಸಣ್ಣ ಮಾವ ಮೊಣಕಾಲೂರಿ, ‘ಅಣ್ಣ! ಏ ಅಣ್ಣ!’ ಎಂದು ಎರಡೂ ಭುಜ ಹಿಡಿದು ಅಲುಗಾಡಿಸಿದ.

‘ಏಳಾಕ ಬರವಲ್ದು’ ಅಂದ ದೊಡ್ಡ ಮಾವ ಕಣ್ಣು ಮುಚ್ಚಿಕೊಂಡೇ. ‘ಸ್ವಂಟ ಹಿಡೀತು.’

ತಮ್ಮ ಹಿಂದಿನಿಂದ ಕಂಕುಳಿಗೆ ಕೈ ಹಾಕಿ ಎಬ್ಬಿಸಿ ಕೂರಿಸಿದ. ಕೂರಿಸಿದ ಮೇಲೂ ಕೈ ತೆಗೆಯಲಿಲ್ಲ. ಅಣ್ಣನ ಬೆನ್ನಿಗೆ ತನ್ನ ಎದೆ ಆನಿಸಿಕೊಂಡು, ನಮಗ್ಯಾರಿಗೂ ಮುಖ ಕಾಣದ ಹಾಗೆ ಕೂತುಬಿಟ್ಟ.

‘ಸೊಸಿ ಫೋನ್‌ನ್ಯಾಗ ತೋರ್ಸಿದ್ಲು’ ಅಂದ. ‘ಸುಳ್ಳು ಅಂತ ಗೊತ್ತಿತ್ತು ನಂಗ. ನೋಡಾಕತ್ರ ತಡಿಯಾಕ ಆಗ್ಲಿಲ್ಲ. ರಾತ್ರೆಲ್ಲ ಒಂದಾ ಯೋಚ್ನಿ. ಖರೇನ ಹಿಂಗಾಗಿದ್ರ, ಅಕ್ಕನೂ ಇಲ್ಲ, ನಂಗ ಯಾರು ಹೇಳ್ತಿದ್ರು?’

ಬಾಗಿಲಲ್ಲಿ ನಿಂತಿದ್ದ ಯಜಮಾನರು ಬಂದು, ಉರುಳಿದ್ದ ಗಾಜಿನ ಆನೆಯನ್ನು ಎತ್ತಿ ನಿಲ್ಲಿಸಿದರು, ಅದೇ ಈಗ ತುರ್ತಿನ ಕೆಲಸ ಎಂಬ ಹಾಗೆ.

‘ನಾ ಹೇಳ್ತಿದ್ದೆ’ ಅಂದರು ಅತ್ತೆ. ‘ನಾ ಹೇಳ್ದ ಇರ್ತಿದ್ನೇನು? ಏಳು, ಮುಖ ತೊಳಕೊ. ಚಪ್ಪಲಿ ಬಿಡು ಮೊದ್ಲ, ಹಾಲ್ ತನಕ ಮೆಟ್ಕೊಂಡು ಬಂದೀ.’

ಬದನೆಕಾಯಿ ಎಣ್ಣೆಗಾಯಿ, ಜೋಳದ ರೊಟ್ಟಿ, ಶೇಂಗಾ ಪುಡಿ. ಅಣ್ಣ ತಮ್ಮ ಒಟ್ಟಿಗೆ ಕೂತು ಉಂಡರು. ಊಟದ ನಡುವೆ ದೊಡ್ಡ ಮಾವ ಬೆಕ್ಕು ಮಾಡಿದ ಅವಮಾನವನ್ನು ತಮ್ಮನಿಗೆ ವಿವರವಾಗಿ ಹೇಳಿದ. ಸಣ್ಣ ಮಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

‘ಯಾವನಲೇ ಅವ? ಸುಮಿ, ಬರಿ ನೀನು. ಅವರು ನಮ್ಮಣ್ಣ. ಕಣ್ಣು ಅವರವು. ಮಿಟುಕಿಸ್ತಾರ, ಬಿಡ್ತಾರ, ನಿನಗೇನು ತ್ರಾಸು?’

‘ಈಗಷ್ಟ ನೀನ ಹೇಳ್ದೆಲ್ಲಾ ಮಾವ, ಸರಿ ಸಾಯ್ಲಿಲ್ಲ ಅಂತ?’

‘ನಾ ಅಂತೀನಿ. ನಾ ತಮ್ಮ. ಅವ ಯಾರು ಅನ್ನಾಕ?’

ಒಂದಕ್ಷರ ಬಿಡದೆ ಬರೆದೆ. ಬೆಕ್ಕು ಈ ಸಲ ಎರಡು ಕೈ ಮುಗಿದ ಚಿತ್ರ ಕಳಿಸಿತು. ಇಬ್ಬರೂ ಗೆದ್ದ ಪೈಲ್ವಾನರ ಹಾಗೆ ಮಜ್ಜಿಗೆ ಕುಡಿದರು. ಆಮೇಲೆ ಚಹಾ ಬಂತು. ದೊಡ್ಡ ಮಾವ ಒಂದು ಗುಟುಕು ಹೀರಿ ಮುಖ ಕಿವುಚಿದ. ಅತ್ತೆ ಈಗ ನಾಲ್ಕು ಚಮಚೆ ಸಕ್ಕರೆ ಹಾಕಿದ್ದರು. ಆತ ಉಸಿರೆತ್ತದೆ ಕುಡಿದ.

ಮಧ್ಯಾಹ್ನದ ಸಂಡೂರು ಬಸ್ಸು ಯಾವಾಗಲೋ ಹೋಗಿಯಾಗಿತ್ತು. ‘ಸಂಜಿದಕ್ಕ ಹೊಕ್ಕೀನಿ’ ಅಂದ ಸಣ್ಣ ಮಾವ. ಬಿಸಿಲು ಇಳಿದ ಮೇಲೆ ನಾನು ಮೂವರನ್ನೂ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ಕಂಪ್ಲಿ ಬಸ್ಸು ಮೊದಲು ಬಂತು. ಅಣ್ಣನ ಸೊಂಟ ನೋಯುತ್ತಿದೆ ಎಂದು ಸಣ್ಣ ಮಾವ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ. ಅವರನ್ನು ಹತ್ತಿಸಲು ತಾನೂ ಹತ್ತಿದ. ಕಿಟಕಿಯ ಪಕ್ಕ ಅತ್ತೆ, ನಡುವೆ ದೊಡ್ಡ ಮಾವ, ಈಚೆ ಸೀಟಿನ ಕೊನೆಗೆ ಅರ್ಧ ಕೂತು ಸಣ್ಣ ಮಾವ. ನಾನು ಕೆಳಗೆ ಕಿಟಕಿಯ ಹತ್ತಿರ ನಿಂತಿದ್ದೆ.

ಕಂಡಕ್ಟರ್ ಬಂದ. ಟಿಕೆಟ್ ಮಶಿನ್ ಎತ್ತಿದವನು ಮಾವನ ಮೀಸೆ ನೋಡಿ ಹಾಗೇ ನಿಂತ.

‘ರೀ ಯಜಮಾನ್ರ, ನಿಮ್ಮನ್ನ ಕೊಂದಾರಲ್ರಿ!’

ಇಡೀ ಬಸ್ಸು ಹಿಂತಿರುಗಿ ನೋಡಿತು. ಮಾವ ಮೀಸೆಗೆ ಕೈ ಹಾಕಿ ಕೆಮ್ಮಿದ. ಸಣ್ಣ ಮಾವ ಅರ್ಧ ಎದ್ದು ನಿಂತ.

‘ಯಾರೂ ಕೊಂದಿಲ್ರಿ. ನಮ್ಮಣ್ಣ ಗಟ್ಟಿ ಅದಾನ. ನೋಡ್ರಿ, ಇಲ್ಲೇ ಕುಂತಾನ.’

‘ಭಾಳ ಬೇಜಾರಾತ್ರಿ ನಮ್ಮನ್ಯಾಗ’ ಅಂದ ಕಂಡಕ್ಟರ್. ‘ನಮ್ಮವ್ವ ಊಟ ಬಿಟ್ಲು. ಇರ್ಲಿ, ಎಲ್ಲಿಗ್ರಿ? ಎಷ್ಟು ಮಂದಿ?’

‘ಕಂಪ್ಲಿಗೆ’ ಅಂದ ದೊಡ್ಡ ಮಾವ. ‘ಹೆಣ್ಣುಮಗಳದು ಪುಕ್ಕಟ್ಟಿ. ಗಂಡಸ್ರು ಒಬ್ರು. ಇವ ಇಳೀತಾನ, ಸಂಡೂರು ಕಡೆ ಹೋಗಾವ.’

ಡ್ರೈವರ್ ಬಸ್ಸು ಶುರು ಮಾಡಿದ. ಕಂಡಕ್ಟರ್ ಸಣ್ಣ ಮಾವನ ಕಡೆ ನೋಡಿದ. ಸಣ್ಣ ಮಾವ ಆ ಕಡೆ ಸಾಲಿನಲ್ಲಿ ನಿಂತಿದ್ದ ಸಂಡೂರು ಬಸ್ಸನ್ನು ಒಮ್ಮೆ ನೋಡಿದ. ನೋಡಿ, ಅಣ್ಣನನ್ನು ಸ್ವಲ್ಪ ಒಳಗೆ ಒತ್ತರಿಸಿ, ಸೀಟಿನಲ್ಲಿ ಪೂರ್ತಿ ಕೂತುಕೊಂಡ.

‘ಗಂಡಸ್ರು ಇಬ್ರು ಹಾಕ್ರಿ’ ಅಂದ.